ಕ್ಯಾಲಿಫೋರ್ನಿಯಾದಲ್ಲಿ ವಾಸ, ಮೆಂಫಿಸ್‌ನಲ್ಲಿ ಬಾಡಿಗೆ ಮನೆ: ಟರ್ನ್‌ಕೀ ಕಂಪನಿಯೊಂದರ ಸೇವೆಯ ವಿಮರ್ಶೆ

ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದಿಷ್ಟು ಉಳಿತಾಯ ಮಾಡಿಕೊಂಡವರು ಎರಡನೆಯ ಮನೆಯ ಬಗ್ಗೆ ಯೋಚಿಸತೊಡಗಿದಾಗ ಮೊದಲು ಎದುರಾಗುವ ಅಡ್ಡಿ ಲೆಕ್ಕದ್ದು. ಇಲ್ಲಿ ಸಾಧಾರಣ ಮನೆಯ ಬೆಲೆಯೇ ಹತ್ತು ಲಕ್ಷ ಡಾಲರ್ ದಾಟಿರುತ್ತದೆ. ಅದರಿಂದ ಬರುವ ಬಾಡಿಗೆ ಸಾಲದ ಕಂತಿಗೂ ಸಾಲುವುದಿಲ್ಲ. ಆದ್ದರಿಂದ ಕಣ್ಣು ದೇಶದ ನಡುಭಾಗದ ಮತ್ತು ದಕ್ಷಿಣದ ಊರುಗಳತ್ತ ಹೊರಳುತ್ತದೆ: ಟೆನೆಸಿಯ ಮೆಂಫಿಸ್, ಇಂಡಿಯಾನಾದ ಇಂಡಿಯಾನಾಪೊಲಿಸ್, ಅಲಬಾಮಾದ ಬರ್ಮಿಂಗ್‌ಹ್ಯಾಮ್, ಒಹಾಯೊದ ಕ್ಲೀವ್‌ಲ್ಯಾಂಡ್. ಅಲ್ಲಿ ಒಂದೂವರೆ ಲಕ್ಷ ಡಾಲರಿನ ಆಸುಪಾಸಿನಲ್ಲಿ ಮೂರು ಮಲಗುವ ಕೋಣೆಗಳ ಹಳೆಯ ಇಟ್ಟಿಗೆ ಮನೆ ಸಿಗುತ್ತದೆ. ಅಂಥ ಮನೆಯನ್ನು ಹುಡುಕಿ, ದುರಸ್ತಿ ಮಾಡಿಸಿ, ಬಾಡಿಗೆದಾರರನ್ನು ತಂದು ಕೂರಿಸಿ, ಆಮೇಲೆ ಹೊರ ರಾಜ್ಯದ ಹೂಡಿಕೆದಾರರಿಗೆ ಮಾರಿ, ಮಾರಿದ ಮೇಲೂ ತಾವೇ ನೋಡಿಕೊಳ್ಳುವುದಾಗಿ ಹೇಳುವ ಕಂಪನಿಗಳಿಗೆ ಟರ್ನ್‌ಕೀ ಕಂಪನಿಗಳೆಂದು ಹೆಸರು. ಅಂಥದೊಂದು ಕಂಪನಿಯಿಂದ ಮೆಂಫಿಸ್‌ನ ರಾಲೀ ಬಡಾವಣೆಯಲ್ಲಿ ಮನೆ ಕೊಂಡು, ಬಾಡಿಗೆದಾರರು ಬದಲಾಗುವಷ್ಟು ಕಾಲ ಅದನ್ನು ಇಟ್ಟುಕೊಂಡ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಹೇಳುತ್ತಿಲ್ಲ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ವ್ಯವಹಾರದ ರಚನೆಯಲ್ಲೇ ಇರುವಂಥವು, ಬೇರೆ ಕಂಪನಿಯ ಬಾಗಿಲಿಗೆ ಹೋದರೂ ಅವು ಎದುರಾಗುತ್ತವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೊಳ್ಳುವ ತನಕದ ಸೇವೆ ಅಚ್ಚುಕಟ್ಟಾಗಿತ್ತು. ದುರಸ್ತಿ ಕೆಲಸ ಕಣ್ಣಿಗೆ ಕಾಣುವ ಕಡೆಗಳಲ್ಲಿ ಚೆನ್ನಾಗಿಯೂ ಕಾಣದ ಕಡೆಗಳಲ್ಲಿ ಅರೆಬರೆಯಾಗಿಯೂ ಇತ್ತು. ಮೊದಲ ಬಾಡಿಗೆದಾರರು ಇರುವಷ್ಟು ಕಾಲ ದೂರುವುದಕ್ಕೆ ಏನೂ ಇರಲಿಲ್ಲ. ಅವರು ಮನೆ ಖಾಲಿ ಮಾಡಿದ ತಿಂಗಳಿನಿಂದ ಮುಂದಿನವರು ಬಂದು ನೆಲೆಯೂರುವ ತನಕ ನಡೆದದ್ದೇ ಈ ಸೇವೆಯ ನಿಜವಾದ ಗುಣಮಟ್ಟ, ಮತ್ತು ಅಲ್ಲಿ ನಾನು ಹೆಚ್ಚು ಅಂಕ ಕೊಡಲಾರೆ. ಇಂಥ ಕಂಪನಿಗಳ ಬಗ್ಗೆ ಸಿಗುವ ಹೊಗಳಿಕೆಗಳಲ್ಲಿ ಬಹುಪಾಲು ಮನೆ ಕೊಂಡ ಮೊದಲ ವರ್ಷದಲ್ಲಿ, ಹೊಸ ಬಣ್ಣ ಇನ್ನೂ ಮಾಸದಿರುವಾಗ, ಬಾಡಿಗೆ ತಿಂಗಳಿಗೆ ಸರಿಯಾಗಿ ಬರುತ್ತಿರುವಾಗ ಬರೆದವು. ಅವುಗಳನ್ನು ಓದಿ ಕಂಪನಿಯನ್ನು ಅಳೆಯುವುದು ಮದುವೆ ಮನೆಯ ಊಟ ಉಂಡು ಸಂಸಾರದ ಬಗ್ಗೆ ಅಭಿಪ್ರಾಯ ಹೇಳಿದಂತೆ.

ಮೆಂಫಿಸ್ ಈ ವ್ಯವಹಾರದ ತವರಾದದ್ದಕ್ಕೆ ಕಾರಣಗಳಿವೆ. ಮಿಸಿಸಿಪ್ಪಿ ನದಿಯ ದಂಡೆಯ ಈ ಊರಿನಲ್ಲಿ 1983ರಲ್ಲಿ ಫೈರ್‌ಸ್ಟೋನ್ ಟೈರ್ ಕಾರ್ಖಾನೆ, 1985ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಾರ್ಖಾನೆ ಮುಚ್ಚಿದವು. ಕಾರ್ಮಿಕರ ಸ್ವಂತ ಮನೆಗಳಿಂದ ತುಂಬಿದ್ದ ಉತ್ತರದ ಬಡಾವಣೆಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. 2008ರ ಗೃಹಸಾಲದ ಕುಸಿತದ ನಂತರ ಬ್ಯಾಂಕುಗಳು ಮುಟ್ಟುಗೋಲು ಹಾಕಿಕೊಂಡ ಮನೆಗಳು ಅಗ್ಗಕ್ಕೆ ಸಿಗತೊಡಗಿದವು. ಹಾಗೆಂದು ಊರು ಸತ್ತಿರಲಿಲ್ಲ. ಫೆಡ್‌ಎಕ್ಸ್‌ನ ಮುಖ್ಯ ಕಚೇರಿಯೂ ಅದರ ಮಹಾ ವಿಮಾನ ಕೇಂದ್ರವೂ ಅಲ್ಲೇ ಇವೆ. ಗೋದಾಮು, ಲಾರಿ, ಆಸ್ಪತ್ರೆಗಳಲ್ಲಿ ದುಡಿಯುವ, ಮನೆ ಕೊಳ್ಳಲಾಗದ ಆದರೆ ಬಾಡಿಗೆ ಕಟ್ಟಬಲ್ಲ ದೊಡ್ಡ ಜನಸಂಖ್ಯೆ ಇದೆ. ಬೆಲೆ ಕಡಿಮೆ, ಬಾಡಿಗೆ ಪರವಾಗಿಲ್ಲ ಎಂಬ ಈ ಜೋಡಿಯೇ ಹೊರಗಿನ ಹಣವನ್ನು ಸೆಳೆಯುವುದು. ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ 2012ರಲ್ಲಿ ತನ್ನ ಬಾಡಿಗೆ ಮನೆಗಳ ಕಂಪನಿ ಇನ್ವಿಟೇಷನ್ ಹೋಮ್ಸ್ ಮೂಲಕ ದೇಶದಾದ್ಯಂತ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ ಕೆಲಸವನ್ನು ಸಣ್ಣ ಹೂಡಿಕೆದಾರನೂ ಒಂದೊಂದು ಮನೆಯ ಲೆಕ್ಕದಲ್ಲಿ ಮಾಡಬಹುದೆಂಬುದು ಟರ್ನ್‌ಕೀ ಕಂಪನಿಗಳ ಮಾರಾಟದ ಮಾತು.

ಕಂಪನಿಯ ಗಳಿಕೆ ಎಲ್ಲಿಂದ ಎಂಬುದು ತಿಳಿದರೆ ಅದರ ನಡವಳಿಕೆ ಅರ್ಥವಾಗುತ್ತದೆ. ಹರಾಜಿನಲ್ಲೋ ದಲ್ಲಾಳಿಗಳ ಮೂಲಕವೋ ಪಾಳುಬಿದ್ದ ಮನೆಯನ್ನು ಕೊಂಡು, ದುರಸ್ತಿಗೆ ಹಣ ಹಾಕಿ, ಲಾಭವಿಟ್ಟು ಮಾರುವುದು ಮೊದಲ ಗಳಿಕೆ. ಮಾರಿದ ಮೇಲೆ ತಿಂಗಳ ಬಾಡಿಗೆಯಲ್ಲಿ ಶೇ. 8ರಿಂದ 10ರಷ್ಟು ನಿರ್ವಹಣಾ ಶುಲ್ಕ ಪಡೆಯುವುದು ಎರಡನೆಯದು. ಮೊದಲನೆಯದು ದೊಡ್ಡದು ಮತ್ತು ಒಮ್ಮೆಗೇ ಕೈಗೆ ಬರುವಂಥದು, ಎರಡನೆಯದು ಸಣ್ಣದು ಮತ್ತು ತಲೆನೋವಿನದು. ಹೀಗಾಗಿ ಮಾರಾಟ ವಿಭಾಗದಲ್ಲಿ ಚುರುಕಾದ, ಫೋನಿಗೆ ಕೂಡಲೇ ಸಿಗುವ ಜನರಿರುತ್ತಾರೆ. ನಿರ್ವಹಣಾ ವಿಭಾಗದಲ್ಲಿ ಒಬ್ಬೊಬ್ಬರ ತಲೆಯ ಮೇಲೆ ನೂರಾರು ಮನೆಗಳ ಹೊಣೆ ಇರುತ್ತದೆ, ಆ ಹೊಣೆ ಹೊತ್ತವರು ಪದೇ ಪದೇ ಬದಲಾಗುತ್ತಲೂ ಇರುತ್ತಾರೆ.

ಬೆಲೆಯ ವಿಷಯದಲ್ಲಿ ಓದುಗರು ಎಚ್ಚರ ವಹಿಸಬೇಕಾದ ಸೂಕ್ಷ್ಮವೊಂದಿದೆ. ಬ್ಯಾಂಕಿನ ಸಾಲ ಪಡೆದು ಕೊಂಡರೆ ಬ್ಯಾಂಕೇ ಮೌಲ್ಯಮಾಪಕರನ್ನು ಕಳಿಸುತ್ತದೆ, ಅವರು ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಆದರೆ ಅದೇ ಬೀದಿಯಲ್ಲಿ ಅದೇ ಕಂಪನಿ ಇತರ ಹೊರ ರಾಜ್ಯದವರಿಗೆ ಮಾರಿದ ಮನೆಗಳೇ ಆ ಪಟ್ಟಿಯಲ್ಲಿ ಇದ್ದರೆ, ಒಂದು ದುಬಾರಿ ಮಾರಾಟ ಇನ್ನೊಂದಕ್ಕೆ ಸಾಕ್ಷಿ ನುಡಿಯುತ್ತದೆ. ಅಲ್ಲೇ ವಾಸಿಸಲೆಂದು ಕೊಳ್ಳುವ ಸ್ಥಳೀಯ ಕುಟುಂಬ ಅದೇ ಮನೆಗೆ ಎಷ್ಟು ಕೊಡುತ್ತಿತ್ತು ಎಂಬುದನ್ನು ಕಂಪನಿಗೆ ಸಂಬಂಧಿಸದ ಒಬ್ಬ ಸ್ಥಳೀಯ ಏಜೆಂಟರನ್ನು ಕೇಳಿ ತಿಳಿಯಬೇಕು. ನಾನು ಕೇಳಿದಾಗ ಬಂದ ಉತ್ತರ ಕಂಪನಿಯ ಬೆಲೆಗಿಂತ ಕೆಳಗೇ ಇತ್ತು; ಬಾಡಿಗೆದಾರರು ಕೂತಿರುವ, ದುರಸ್ತಿಯಾದ ಮನೆಯ ಅನುಕೂಲಕ್ಕೆ ಕೊಡುವ ಹೆಚ್ಚುವರಿ ಬೆಲೆ ಅದು ಎಂದುಕೊಂಡು ಒಂದಿಷ್ಟು ಚೌಕಾಸಿ ಮಾಡಿ ಒಪ್ಪಿಕೊಂಡೆ. ಪೂರ್ತಿ ನಗದು ಕೊಟ್ಟು ಕೊಳ್ಳುವವರಿಗೆ ಬ್ಯಾಂಕಿನ ಮೌಲ್ಯಮಾಪನದ ಈ ತೆಳುವಾದ ರಕ್ಷಣೆಯೂ ಇರುವುದಿಲ್ಲ. ಕಂಪನಿಗಳಿಗೆ ನಗದು ಗಿರಾಕಿಗಳ ಮೇಲೆ ವಿಶೇಷ ಪ್ರೀತಿ ಇರುವುದಕ್ಕೆ ವೇಗ ಒಂದೇ ಕಾರಣವಲ್ಲ.

ಈಗ ದುರಸ್ತಿಗೆ ಬರೋಣ. ಕಂಪನಿ ಕಳಿಸುವ ಫೋಟೊಗಳಲ್ಲಿ ಬೂದು ಬಣ್ಣದ ಗೋಡೆ, ಮರದಂತೆ ಕಾಣುವ ವಿನೈಲ್ ನೆಲ, ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆ, ಬಚ್ಚಲಿನಲ್ಲಿ ಹೊಳೆಯುವ ನಲ್ಲಿಗಳು ಇರುತ್ತವೆ. ಇವೆಲ್ಲ ನಿಜವೇ, ಕೆಲಸವೂ ಪರವಾಗಿಲ್ಲ. ವಿನೈಲ್ ನೆಲ ಬಾಡಿಗೆ ಮನೆಗೆ ಒಳ್ಳೆಯ ಆಯ್ಕೆ. ನೀರು ಬಿದ್ದರೂ ಹಾಳಾಗದು, ಒಂದು ಹಲಗೆ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಆದರೆ ಬಾಡಿಗೆ ಮನೆಯ ಲಾಭವನ್ನು ನುಂಗುವುದು ಗೋಡೆಯ ಬಣ್ಣವಲ್ಲ. ಅಂಗಳದ ಕೆಳಗೆ ಬೀದಿಯ ಚರಂಡಿಯವರೆಗೆ ಹೋಗುವ ಮಣ್ಣಿನ ಅಥವಾ ಎರಕದ ಕಬ್ಬಿಣದ ಕೊಳವೆ, ಅದರೊಳಗೆ ನುಗ್ಗಿದ ಓಕ್ ಮರದ ಬೇರು, ಒಳಗಿನಿಂದ ತುಕ್ಕು ಹಿಡಿದ ಗ್ಯಾಲ್ವನೈಸ್ಡ್ ನೀರಿನ ಪೈಪು, ವಯಸ್ಸಾದ ಏರ್ ಕಂಡಿಷನರ್, ಚಾವಣಿ, ವಿದ್ಯುತ್ ಪ್ಯಾನೆಲ್, ಇವು ನುಂಗುತ್ತವೆ. ಇವುಗಳ ಬಗ್ಗೆ ಕಂಪನಿಯ ಪಟ್ಟಿಯಲ್ಲಿ ‘ಪರಿಶೀಲಿಸಲಾಗಿದೆ’, ‘ಸರ್ವಿಸ್ ಮಾಡಲಾಗಿದೆ’ ಎಂಬ ಮಾತುಗಳಿದ್ದವು. ‘ಬದಲಿಸಲಾಗಿದೆ’ ಎಂಬ ಮಾತು ಅಪರೂಪವಾಗಿತ್ತು.

ರಾಲೀಯ ಮನೆಗಳಲ್ಲಿ ಹೆಚ್ಚಿನವು 1960 ಮತ್ತು 70ರ ದಶಕಗಳವು. 1965ರಿಂದ 1973ರ ನಡುವೆ ಅಮೆರಿಕದಲ್ಲಿ ಕಟ್ಟಿದ ಅನೇಕ ಮನೆಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಎಳೆದಿದ್ದಾರೆ. ಜೋಡಣೆಯ ಜಾಗದಲ್ಲಿ ಅದು ಸಡಿಲಾಗಿ ಬಿಸಿಯೇರುವ ಅಪಾಯವಿದೆ. ಅದೇ ಕಾಲದ ಫೆಡರಲ್ ಪೆಸಿಫಿಕ್ ಕಂಪನಿಯ ವಿದ್ಯುತ್ ಪ್ಯಾನೆಲ್‌ಗಳ ಬ್ರೇಕರ್‌ಗಳು ವಿದ್ಯುತ್ತನ್ನು ಕಡಿಯಬೇಕಾದಾಗ ಕಡಿಯುವುದಿಲ್ಲವೆಂಬ ಕುಖ್ಯಾತಿ ಹಳೆಯದು, ಕೆಲವು ವಿಮಾ ಕಂಪನಿಗಳು ಅದಿರುವ ಮನೆಗೆ ವಿಮೆ ಕೊಡಲೂ ಹಿಂಜರಿಯುತ್ತವೆ. ನಾನು ನೇಮಿಸಿದ ಇನ್‌ಸ್ಪೆಕ್ಟರ್ ಸಾಮಾನ್ಯ ತಪಾಸಣೆಯ ಜೊತೆಗೆ ಚರಂಡಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಆ ಕ್ಯಾಮೆರಾದ ಕೆಲಸಕ್ಕೆ ಕೆಲವು ನೂರು ಡಾಲರ್ ಬೇಕು, ಅಂಗಳ ಅಗೆದು ಕೊಳವೆ ಬದಲಿಸುವುದಕ್ಕೆ ಹಲವು ಸಾವಿರ ಬೇಕು. ಬೇರು ಸಿಕ್ಕಿತು. ಕಂಪನಿಯನ್ನು ಇಲ್ಲಿ ಮೆಚ್ಚಬೇಕು: ವರದಿ ಕಳಿಸಿದಾಗ ತಕರಾರು ಮಾಡದೆ ಬೇರು ಕತ್ತರಿಸಿ, ಒಡೆದ ತುಂಡನ್ನು ಬದಲಿಸಿ, ಮತ್ತೆ ಕ್ಯಾಮೆರಾ ಇಳಿಸಿದ ವಿಡಿಯೊ ಕಳಿಸಿದರು. ಆದರೆ ಕೇಳದಿದ್ದರೆ ಮಾಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ತಮ್ಮದೇ ‘ಮೂರನೆಯವರ ತಪಾಸಣೆ’ ಮಾಡಿಸಿ ಕೊಡುತ್ತೇವೆಂದು ಕಂಪನಿ ಹೇಳಿದರೆ ಧನ್ಯವಾದ ಹೇಳಿ, ಬೇರೆಯವರನ್ನು ನಾವೇ ಹಣ ಕೊಟ್ಟು ನೇಮಿಸಬೇಕು. ನಗರಪಾಲಿಕೆಯ ಪರ್ಮಿಟ್ ಪಡೆದೇ ವಿದ್ಯುತ್ ಮತ್ತು ಪ್ಲಂಬಿಂಗ್ ಕೆಲಸ ಮಾಡಿದ್ದಾರೆಯೇ ಎಂಬುದನ್ನೂ ಕಾಗದ ತರಿಸಿಕೊಂಡು ನೋಡಬೇಕು.

1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಸೀಸದ ಬಣ್ಣದ ವಿಷಯ ಬರುತ್ತದೆ. ಆ ವರ್ಷ ಮನೆಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. 2010ರಿಂದ ಅಂಥ ಹಳೆಯ ಮನೆಗಳಲ್ಲಿ ಬಣ್ಣ ಕೆದಕುವ ಕೆಲಸ ಮಾಡುವವರು ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಮಾಣಪತ್ರ ಹೊಂದಿರಬೇಕೆಂಬ ಕೇಂದ್ರ ನಿಯಮವೂ ಜಾರಿಯಲ್ಲಿದೆ. ಕೊಳ್ಳುವವರಿಗೂ ಬಾಡಿಗೆಗೆ ಬರುವವರಿಗೂ ಈ ಕುರಿತ ಘೋಷಣಾಪತ್ರ ಕೊಡಬೇಕು. ನಮ್ಮ ಕಂಪನಿ ಘೋಷಣಾಪತ್ರ ಕೊಟ್ಟಿತು. ಗುತ್ತಿಗೆದಾರರ ಪ್ರಮಾಣಪತ್ರವನ್ನು ಎರಡು ಸಲ ಜ್ಞಾಪಿಸಿದ ಮೇಲೆ ಕಳಿಸಿತು. ಮನೆಯಲ್ಲಿ ಬಾಡಿಗೆದಾರರ ಪುಟ್ಟ ಮಕ್ಕಳಿರುವಾಗ ಇದನ್ನು ಬರೀ ಕಾಗದದ ಶಾಸ್ತ್ರವೆಂದು ಬಿಡುವುದು ಸರಿಯಲ್ಲ.

ಇನ್ನು ಲಾಭದ ಲೆಕ್ಕ ತೋರಿಸುವ ಒಂದು ಪುಟದ ಹಾಳೆ. ಈ ವ್ಯವಹಾರದಲ್ಲಿ ಅತಿ ಹೆಚ್ಚು ಜನರನ್ನು ಮರುಳು ಮಾಡುವುದು ಅದೇ. ಉದಾಹರಣೆಗೆ 1,50,000 ಡಾಲರಿನ ಮನೆ, ತಿಂಗಳಿಗೆ 1,350 ಡಾಲರ್ ಬಾಡಿಗೆ, ಶೇ. 20 ಮುಂಗಡ ಕೊಟ್ಟು ಉಳಿದ 1,20,000ಕ್ಕೆ 30 ವರ್ಷಗಳ ಸಾಲ ಎಂದಿಟ್ಟುಕೊಳ್ಳೋಣ. ಬಡ್ಡಿ ಶೇ. 7.5 ಇದ್ದರೆ ಕಂತು 839 ಡಾಲರ್. ಹಾಳೆಯಲ್ಲಿ ಅದಕ್ಕೆ ಶೇ. 8ರ ನಿರ್ವಹಣಾ ಶುಲ್ಕ 108, ತೆರಿಗೆ 140, ವಿಮೆ 75 ಸೇರಿಸಿ ಒಟ್ಟು 1,162 ಖರ್ಚು ತೋರಿಸಿ, ತಿಂಗಳಿಗೆ 188 ಡಾಲರ್ ಕೈಗೆ ಬರುತ್ತದೆನ್ನುತ್ತಾರೆ. ಖಾಲಿ ಬಿದ್ದ ತಿಂಗಳುಗಳಿಗೂ ದುರಸ್ತಿಗೂ ಅಲ್ಲಿ ಸಾಲೇ ಇರುವುದಿಲ್ಲ, ಇದ್ದರೂ ‘ಹೊಸದಾಗಿ ನವೀಕರಿಸಿದ ಮನೆ’ ಎಂಬ ನೆಪದಲ್ಲಿ ಅತ್ಯಲ್ಪವಾಗಿರುತ್ತದೆ. ಅದೇ ಮನೆಗೆ ನಾನು ಹಾಕುವ ಲೆಕ್ಕ ಹೀಗಿದೆ: ಕಂತು 839, ಶೇ. 10ರ ನಿರ್ವಹಣೆ 135, ತೆರಿಗೆ 190, ವಿಮೆ 117, ವರ್ಷಕ್ಕೆ ಸುಮಾರು ಒಂದು ತಿಂಗಳು ಖಾಲಿ ಎಂದು ಹಿಡಿದು 108, ದುರಸ್ತಿಗೆಂದು 135. ಒಟ್ಟು 1,524. ಅಂದರೆ ತಿಂಗಳಿಗೆ 174 ಡಾಲರ್ ನಮ್ಮ ಜೇಬಿನಿಂದಲೇ ಹೋಗುತ್ತದೆ.

ಇದೇ ಲೆಕ್ಕವನ್ನು ಶೇ. 3.75ರ ಬಡ್ಡಿಯಲ್ಲಿ ಮಾಡಿದರೆ ಕಂತು 556ಕ್ಕೆ ಇಳಿದು, ಎಲ್ಲ ಖರ್ಚು ಕಳೆದ ಮೇಲೂ 109 ಡಾಲರ್ ಉಳಿಯುತ್ತದೆ. ವಾಸದ ಮನೆಯ 30 ವರ್ಷಗಳ ಸಾಲದ ಸರಾಸರಿ ಬಡ್ಡಿ 2021ರ ಆರಂಭದಲ್ಲಿ ಶೇ. 3ಕ್ಕಿಂತ ಕೆಳಗಿತ್ತು, 2023ರ ಅಕ್ಟೋಬರಿನಲ್ಲಿ ಶೇ. 7.79ಕ್ಕೆ ಏರಿತು, ಬಾಡಿಗೆಗೆಂದು ಕೊಳ್ಳುವ ಮನೆಗೆ ಅದಕ್ಕಿಂತ ಅರ್ಧ-ಮುಕ್ಕಾಲು ಅಂಶ ಹೆಚ್ಚೇ ಕೇಳುತ್ತಾರೆ. ಬಡ್ಡಿ ಕಡಿಮೆಯಿದ್ದಾಗ ಕೊಂಡವರು ಈಗಲೂ ಹೊಗಳುತ್ತಿದ್ದರೆ ಅದರಲ್ಲಿ ಕಂಪನಿಯ ಪಾಲು ಎಷ್ಟು, ಬಡ್ಡಿಯ ಪಾಲು ಎಷ್ಟು ಎಂದು ವಿಂಗಡಿಸಿ ಕೇಳಬೇಕು.

ತೆರಿಗೆಯ ಸಾಲಿನಲ್ಲಿ ಇರುವ ತೊಡಕು ಸ್ಥಳೀಯವಾದದ್ದು. ಟೆನೆಸಿಯಲ್ಲಿ ವಾಸದ ಮನೆಯ ಅಂದಾಜು ಬೆಲೆಯ ಶೇ. 25ರ ಮೇಲೆ ತೆರಿಗೆ ಹಾಕುತ್ತಾರೆ. ಎರಡು ಅಥವಾ ಹೆಚ್ಚು ಬಾಡಿಗೆ ಘಟಕಗಳಿರುವ ಕಟ್ಟಡವನ್ನು ವಾಣಿಜ್ಯ ಆಸ್ತಿಯೆಂದು ಪರಿಗಣಿಸಿ ಶೇ. 40ರ ಮೇಲೆ ಹಾಕುತ್ತಾರೆ. ಎರಡು ಬಾಡಿಗೆ ಬರುತ್ತದೆಂದು ಡ್ಯುಪ್ಲೆಕ್ಸ್ (ಎರಡು ಪ್ರತ್ಯೇಕ ಮನೆಗಳಿರುವ ಕಟ್ಟಡ) ಕೊಳ್ಳಲು ಹೊರಟವರಿಗೆ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಮೆಂಫಿಸ್ ನಗರ ಮತ್ತು ಅದಿರುವ ಶೆಲ್ಬಿ ಕೌಂಟಿ (ಜಿಲ್ಲೆ) ಎರಡೂ ಪ್ರತ್ಯೇಕ ಬಿಲ್ ಕಳಿಸುತ್ತವೆ, 2025ರ ಮರುಮೌಲ್ಯಮಾಪನಕ್ಕೆ ಮುಂಚಿನ ವರ್ಷಗಳಲ್ಲಿ ಎರಡೂ ಸೇರಿ ಒಂಟಿ ಮನೆಗೆ ಅಂದಾಜು ಬೆಲೆಯ ಶೇ. 1.5ರ ಆಸುಪಾಸು ಆಗುತ್ತಿತ್ತು. ಮಾರಾಟದ ಹಾಳೆಯಲ್ಲಿ ಹಾಕುವುದು ಮನೆ ಪಾಳುಬಿದ್ದಿದ್ದಾಗಿನ ಹಳೆಯ ಅಂದಾಜಿನ ತೆರಿಗೆ. ಕೌಂಟಿ 2017, 2021, 2025 ಎಂದು ನಾಲ್ಕು ವರ್ಷಗಳಿಗೊಮ್ಮೆ ಮರುಮೌಲ್ಯಮಾಪನ ಮಾಡುತ್ತದೆ. ಆಗ ನವೀಕರಿಸಿದ ಮನೆಯ ಹೊಸ ಬೆಲೆ ಪುಸ್ತಕಕ್ಕೆ ಬರುತ್ತದೆ, ತೆರಿಗೆ, ವಿಮೆಗೆಂದು ಕಂತಿನ ಜೊತೆ ಹಣ ಕೂಡಿಡುವ ಎಸ್ಕ್ರೋ ಖಾತೆಯಲ್ಲಿ ಕೊರತೆ ಬಿದ್ದು ತಿಂಗಳ ಕಂತು ದಿಢೀರನೆ ಏರುತ್ತದೆ. ಇಂಡಿಯಾನಾ ಈ ವಿಷಯದಲ್ಲಿ ನೆಮ್ಮದಿಯದು: ಬಾಡಿಗೆ ಮನೆಯ ತೆರಿಗೆ ಬೆಲೆಯ ಶೇ. 2ನ್ನು ಮೀರಬಾರದೆಂಬ ಮಿತಿಯನ್ನು 2010ರಲ್ಲಿ ರಾಜ್ಯದ ಸಂವಿಧಾನದಲ್ಲೇ ಸೇರಿಸಿದ್ದಾರೆ. ಮಿತಿ ಟೆನೆಸಿಯ ವಾಡಿಕೆಗಿಂತ ಎತ್ತರದಲ್ಲಿದೆ ನಿಜ, ಆದರೆ ಎಲ್ಲಿಯ ತನಕ ಏರಬಹುದೆಂಬುದು ಗೊತ್ತಿರುತ್ತದೆ.

ಈಗ ನಾನು ಮೊದಲೇ ಸೂಚಿಸಿದ ಪರೀಕ್ಷೆಯ ಕಾಲ. ಮೊದಲ ಬಾಡಿಗೆದಾರರು ಫೆಡ್‌ಎಕ್ಸ್‌ನ ರಾತ್ರಿ ಪಾಳಿಯ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಬೇಕಾಗಿ, ಕ್ರಮವಾಗಿ ನೋಟಿಸ್ ಕೊಟ್ಟೇ ಮನೆ ಬಿಟ್ಟರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆಮೇಲೆ ಬಂದದ್ದು ಮನೆಯನ್ನು ಮತ್ತೆ ಬಾಡಿಗೆಗೆ ಸಿದ್ಧಪಡಿಸುವ ಅಂದಾಜು ಪಟ್ಟಿ: ಪೂರ್ತಿ ಮನೆಗೆ ಬಣ್ಣ, ಒಂದು ಕೋಣೆಯ ನೆಲ, ಎರಡು ಬಾಗಿಲು, ಒಲೆಯ ಬದಲಾವಣೆ, ಸ್ವಚ್ಛತೆ, ಹುಲ್ಲು ಕತ್ತರಿಸುವುದು, ಬೀಗ ಬದಲಿಸುವುದು. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಪಡೆದು ಅದರಲ್ಲಿ ಕಳೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಇಲ್ಲಿನ ಠೇವಣಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು, ವಾಡಿಕೆಯ ಸವೆತಕ್ಕೆ ಅದರಿಂದ ಕತ್ತರಿಸುವಂತೆಯೂ ಇಲ್ಲ. ಕೆಲಸ ಮಾಡುವ ಗುತ್ತಿಗೆದಾರರು ಕಂಪನಿಯ ಸಹೋದರ ಸಂಸ್ಥೆಯವರೇ. ಅವರ ಬಿಲ್ಲಿನ ಮೇಲೆ ಶೇ. 10ರ ಮೇಲ್ವಿಚಾರಣಾ ಶುಲ್ಕ ಬೇರೆ. ಹೊಸ ಬಾಡಿಗೆದಾರರನ್ನು ತಂದದ್ದಕ್ಕೆ ಒಂದು ತಿಂಗಳ ಬಾಡಿಗೆಯಷ್ಟು ಶುಲ್ಕ. ಇವೆಲ್ಲ ಒಪ್ಪಂದದಲ್ಲಿ ಬರೆದಿದ್ದವೇ ಹೊರತು ಮೋಸವಲ್ಲ. ಆದರೆ ಮನೆ ಬೇಗ ಖಾಲಿಯಾದಷ್ಟೂ ಕಂಪನಿಗೆ ಕೆಲಸ ಮತ್ತು ಶುಲ್ಕ ಹೆಚ್ಚು, ಒಡೆಯನಿಗೆ ನಷ್ಟ ಹೆಚ್ಚು ಎಂಬ ವ್ಯವಸ್ಥೆಯಲ್ಲಿ ಇದ್ದ ಬಾಡಿಗೆದಾರರನ್ನು ಉಳಿಸಿಕೊಳ್ಳಲು ಯಾರು ತಾನೇ ಶ್ರಮಪಡುತ್ತಾರೆ?

ಪಟ್ಟಿಯಲ್ಲಿನ ಪ್ರತಿಯೊಂದು ಕೆಲಸಕ್ಕೂ ಮೊದಲು ಮತ್ತು ನಂತರದ ಫೋಟೊ ಕೇಳಿದೆ. ಬಣ್ಣ ಪೂರ್ತಿ ಬೇಕಾಗಿಲ್ಲ, ಎರಡು ಕೋಣೆಗೆ ಸಾಕು ಎಂಬುದು ಫೋಟೊಗಳಲ್ಲೇ ಕಾಣುತ್ತಿತ್ತು. ಒಲೆಗೆ ಒಂದು ಬರ್ನರ್ ಬದಲಿಸಿದರೆ ಆಗುತ್ತಿತ್ತು. ಮೊತ್ತ ಮೂರನೆಯ ಒಂದು ಭಾಗದಷ್ಟು ಇಳಿಯಿತು, ಆದರೆ ಈ ಪತ್ರವ್ಯವಹಾರದಲ್ಲಿ ವಾರಗಳು ಕಳೆದು ಮನೆ ಖಾಲಿಯೇ ಉಳಿಯಿತು. ಖಾಲಿ ಮನೆಗೆ ಮೆಂಫಿಸ್‌ನಲ್ಲಿ ಬೇರೆಯದೇ ಅಪಾಯಗಳಿವೆ. ಹೊರಗಿರುವ ಏರ್ ಕಂಡಿಷನರ್ ಘಟಕವನ್ನು ಒಳಗಿನ ತಾಮ್ರಕ್ಕಾಗಿ ಕದ್ದೊಯ್ಯುವುದು ಅಲ್ಲಿನ ಹಳೆಯ ಪಿಡುಗು. ಅದಕ್ಕೆ ಕಬ್ಬಿಣದ ಪಂಜರ ಹಾಕಿಸಿರುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು, ನನ್ನ ಮನೆಗೂ ಹಾಕಿಸಿದ್ದೇನೆ. ಬಾಡಿಗೆ ಮನೆಯ ವಿಮಾ ಪತ್ರಗಳಲ್ಲಿ ಮನೆ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಕಳ್ಳತನ, ಕಿಡಿಗೇಡಿತನದ ಪರಿಹಾರ ಸಿಗದೆಂಬ ಷರತ್ತು ಸಾಮಾನ್ಯ. ಹುಲ್ಲು ಬೆಳೆದರೆ ನಗರದ ಅಧಿಕಾರಿಗಳ ನೋಟಿಸ್ ಬರುತ್ತದೆ, ಮುಂದುವರಿದರೆ ಶೆಲ್ಬಿ ಕೌಂಟಿಯ ಪರಿಸರ ನ್ಯಾಯಾಲಯಕ್ಕೂ ಹೋಗಬೇಕಾಗಬಹುದು. ನೋಟಿಸ್ ಬರುವುದು ಕಂಪನಿಗಲ್ಲ, ದಾಖಲೆಯಲ್ಲಿರುವ ಒಡೆಯನ ವಿಳಾಸಕ್ಕೆ. ದೂರದ ಒಡೆಯರು ಮನೆಗಳನ್ನು ಕೊಂಡು ಪಾಳುಬಿಡುತ್ತಾರೆಂಬ ಅಸಮಾಧಾನ ಆ ಊರಿನವರಲ್ಲಿ ಆಳವಾಗಿದೆ, ಅದಕ್ಕೆ ಕಾರಣವೂ ಇದೆ.

ಚಳಿಯನ್ನೂ ಹೇಳಬೇಕು. 2021ರ ಫೆಬ್ರುವರಿಯ ಹಿಮಗಾಳಿಯಲ್ಲೂ 2022ರ ಡಿಸೆಂಬರಿನ ಶೀತದಲ್ಲೂ ಮೆಂಫಿಸ್‌ನ ನೀರಿನ ಕೊಳವೆಗಳು ಒಡೆದು, ನೀರು ಕುದಿಸಿ ಕುಡಿಯಿರೆಂಬ ಸೂಚನೆ ಊರಿಗೆಲ್ಲ ಹೊರಟಿತ್ತು. ಅಂಥ ರಾತ್ರಿಗಳಲ್ಲಿ ಖಾಲಿ ಮನೆಯ ನಲ್ಲಿ ಸಣ್ಣಗೆ ಬಿಟ್ಟು, ಹೀಟರ್ ಹಾಕಿ ಬರುವವರು ಬೇಕು. ಈ ವಿಷಯದಲ್ಲಿ ನಮ್ಮ ಕಂಪನಿ ಪರವಾಗಿಲ್ಲ, ಮುನ್ನೆಚ್ಚರಿಕೆಯ ಸಂದೇಶ ಕಳಿಸಿ ಸಿಬ್ಬಂದಿಯನ್ನೂ ಕಳಿಸಿತು. ಇನ್ನೊಂದು ಸಂಗತಿ ಕ್ಯಾಲಿಫೋರ್ನಿಯಾದವರಿಗೂ ಅಚ್ಚರಿಯಾಗುವಂಥದು: ಮೆಂಫಿಸ್ ಇರುವುದು 1811-12ರಲ್ಲಿ ಭಾರಿ ಭೂಕಂಪಗಳಾದ ನ್ಯೂ ಮ್ಯಾಡ್ರಿಡ್ ವಲಯದ ಸಮೀಪ. ಸಾಮಾನ್ಯ ವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು.

ಎರಡನೆಯ ಬಾಡಿಗೆದಾರರು ಕೆಲ ತಿಂಗಳ ನಂತರ ಬಾಡಿಗೆ ನಿಲ್ಲಿಸಿದಾಗ ಹೊರಹಾಕುವ ದಾವೆಯನ್ನು ಜನರಲ್ ಸೆಷನ್ಸ್ ನ್ಯಾಯಾಲಯದಲ್ಲಿ ಹೂಡಬೇಕಾಯಿತು. ಕಂಪನಿಯ ವಕೀಲರು ಈ ಕೆಲಸ ಬಲ್ಲವರು, ಟೆನೆಸಿಯ ಕಾನೂನೂ ಕ್ಯಾಲಿಫೋರ್ನಿಯಾದಷ್ಟು ನಿಧಾನವಲ್ಲ. ತೀರ್ಪಾದ ಮೇಲೆ ಮೇಲ್ಮನವಿಗೆ ಹತ್ತು ದಿನ ಬಿಟ್ಟು ಸ್ವಾಧೀನದ ಆದೇಶ ಪಡೆಯಬಹುದು. ಆದರೂ ಆ ಬಾಡಿಗೆದಾರರ ಅರ್ಜಿಯನ್ನು ನಾನು ಆಮೇಲೆ ತರಿಸಿಕೊಂಡು ನೋಡಿದಾಗ, ಆದಾಯ ಬಾಡಿಗೆಯ ಮೂರು ಪಟ್ಟು ಇರಬೇಕೆಂದು ಮಾರಾಟದ ವೇಳೆ ಹೇಳಿದ್ದ ನಿಯಮವನ್ನು ಸಡಿಲಿಸಿದ್ದು ಕಂಡಿತು. ಖಾಲಿ ಮನೆಯನ್ನು ಹೇಗಾದರೂ ತುಂಬಿಸಿ ಶುಲ್ಕ ಪಡೆಯುವ ಆತುರ ಅದರಲ್ಲಿ ಎದ್ದು ಕಾಣುತ್ತಿತ್ತು. ಒಂದು ವರ್ಷದೊಳಗೆ ಬಾಡಿಗೆದಾರರು ಹೋದರೆ ಹೊಸಬರನ್ನು ಶುಲ್ಕವಿಲ್ಲದೆ ತರಬೇಕೆಂಬ ಷರತ್ತನ್ನು ಈಗ ಒಪ್ಪಂದದಲ್ಲಿ ಸೇರಿಸಿಕೊಂಡಿದ್ದೇನೆ, ಕೇಳಿದರೆ ಕೊಡುತ್ತಾರೆ.

ಆದಾಯ ತೆರಿಗೆಯ ಲಾಭವೆಂದು ಮಾರಾಟಗಾರರು ಹೇಳುವ ಮಾತು ನಮ್ಮ ಕಡೆಯ ಎಂಜಿನಿಯರ್‌ಗಳಿಗೆ ಪೂರ್ತಿ ಅನ್ವಯಿಸುವುದಿಲ್ಲ. ಜಮೀನಿನ ಬೆಲೆ ಬಿಟ್ಟು ಕಟ್ಟಡದ ಬೆಲೆಯನ್ನು 27.5 ವರ್ಷಗಳಿಗೆ ಹಂಚಿ ಸವಕಳಿ ತೋರಿಸಬಹುದು. ಕಟ್ಟಡ 1,25,000 ಡಾಲರಿನದಾದರೆ ವರ್ಷಕ್ಕೆ 4,545. ಹೀಗೆ ಕಾಗದದ ಮೇಲೆ ಉಂಟಾಗುವ ನಷ್ಟವನ್ನು ಸಂಬಳದಿಂದ 25,000 ಡಾಲರಿನವರೆಗೆ ಕಳೆಯಲು ಅವಕಾಶವಿದೆ ನಿಜ, ಆದರೆ ಆದಾಯ ಒಂದು ಲಕ್ಷ ದಾಟಿದಂತೆ ಅದು ಕರಗುತ್ತಾ ಹೋಗಿ ಒಂದೂವರೆ ಲಕ್ಷಕ್ಕೆ ಸೊನ್ನೆಯಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗೆ ಆ ವಿನಾಯಿತಿ ದಕ್ಕುವುದಿಲ್ಲ. ನಷ್ಟ ಮುಂದಿನ ವರ್ಷಗಳಿಗೆ ಜಮೆಯಾಗುತ್ತಾ ಹೋಗುತ್ತದೆ ಅಷ್ಟೇ. ಟೆನೆಸಿಯಲ್ಲಿ ಸಂಬಳ, ಬಾಡಿಗೆಗಳ ಮೇಲೆ ವ್ಯಕ್ತಿಗಳಿಗೆ ರಾಜ್ಯದ ಆದಾಯ ತೆರಿಗೆ ಇಲ್ಲವೆಂಬುದನ್ನೂ ಜೋರಾಗಿ ಹೇಳುತ್ತಾರೆ, ಆದರೆ ಕ್ಯಾಲಿಫೋರ್ನಿಯಾದ ನಿವಾಸಿ ತನ್ನ ಎಲ್ಲ ಕಡೆಯ ಆದಾಯಕ್ಕೂ ಕ್ಯಾಲಿಫೋರ್ನಿಯಾಕ್ಕೆ ತೆರಿಗೆ ಕಟ್ಟಬೇಕು. ಮೊಕದ್ದಮೆಗಳಿಂದ ಸ್ವಂತ ಆಸ್ತಿಯ ರಕ್ಷಣೆಗೆಂದು ಸೀಮಿತ ಹೊಣೆಗಾರಿಕೆಯ ಕಂಪನಿ (ಎಲ್‌ಎಲ್‌ಸಿ) ಮಾಡಿಕೊಂಡು ಇಲ್ಲಿಂದ ನಡೆಸಿದರೆ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ 800 ಡಾಲರ್, ಟೆನೆಸಿಗೆ ಕನಿಷ್ಠ 300 ಡಾಲರಿನ ವಾರ್ಷಿಕ ಶುಲ್ಕ, ಅಲ್ಲಿ ಕಂಪನಿಗಳ ಮೇಲೆ ಹಾಕುವ ಫ್ರಾಂಚೈಸ್ ಮತ್ತು ಎಕ್ಸೈಸ್ ತೆರಿಗೆಯ ಕಾಗದಪತ್ರ. ಒಂದೇ ಮನೆಯ ಒಡೆಯನಿಗೆ ಇದು ಲಾಭವನ್ನೆಲ್ಲ ಒರೆಸಿಹಾಕುವ ಮೊತ್ತ. ಹೆಚ್ಚಿನ ಮೊತ್ತದ ಹೊಣೆಗಾರಿಕೆ ವಿಮೆಯೇ ಅಗ್ಗ. ಎಚ್-1ಬಿ ವೀಸಾದಲ್ಲಿರುವವರು ಮನೆ ಕೊಂಡು ಬಾಡಿಗೆ ಪಡೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ದಿನನಿತ್ಯದ ನಿರ್ವಹಣೆಗೆ ತಾವೇ ಇಳಿಯುವ ಮೊದಲು ವಲಸೆ ವಕೀಲರನ್ನು ಕೇಳುವುದು ಒಳ್ಳೆಯದು. ನಿರ್ವಹಣಾ ಕಂಪನಿ ಇರುವುದು ಈ ಒಂದು ಕಾರಣಕ್ಕಾದರೂ ಅಂಥವರಿಗೆ ಅನುಕೂಲವೇ.

ಬೇರೆ ಊರುಗಳ ಕಥೆಯೂ ತಿಳಿದಿರಲಿ. ಇಂಡಿಯಾನಾಪೊಲಿಸ್‌ನಲ್ಲಿ ಟಿವಿಯಿಂದ ಪರಿಚಿತರಾಗಿದ್ದ ಒಬ್ಬ ಮಾಜಿ ನಿರೂಪಕರ ಕಂಪನಿಯ ಮೂಲಕ ಮನೆ ಕೊಂಡ ಅನೇಕರು 2018ರಿಂದ ಮೊಕದ್ದಮೆಗಳನ್ನು ಹೂಡಿದರು. ದುರಸ್ತಿಗೆಂದು ಹಣ ಪಡೆದು ಕೆಲಸ ಮಾಡಿಲ್ಲ, ಮನೆಗಳು ಖಾಲಿ ಬಿದ್ದಿವೆ ಎಂಬುದು ಅವರ ಆರೋಪವಾಗಿತ್ತು. ಕ್ಲೀವ್‌ಲ್ಯಾಂಡ್‌ನ ಜನಸಂಖ್ಯೆ 1950ರಲ್ಲಿ 9,14,808 ಇದ್ದದ್ದು 2020ರ ಗಣತಿಯಲ್ಲಿ 3,72,624ಕ್ಕೆ ಇಳಿದಿದೆ, ಅಲ್ಲಿನ ಮನೆ ಅಗ್ಗವೇಕೆ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ. 1978ಕ್ಕಿಂತ ಹಳೆಯ ಬಾಡಿಗೆ ಮನೆಗಳಿಗೆ ಸೀಸದ ಅಪಾಯವಿಲ್ಲವೆಂಬ ಪ್ರಮಾಣಪತ್ರವನ್ನೂ ಆ ನಗರ ಕಡ್ಡಾಯ ಮಾಡಿದೆ.

ಈ ಕಂಪನಿಯಿಂದ ಇನ್ನೊಂದು ಮನೆ ಕೊಳ್ಳುತ್ತೀರಾ ಎಂದು ಕೇಳಿದರೆ, ಶೇ. 7.5ರಂಥ ಬಡ್ಡಿಯಲ್ಲಿ ಇಲ್ಲ. ಬಡ್ಡಿ ಇಳಿದರೆ ಯೋಚಿಸುತ್ತೇನೆ, ಆದರೆ ಮಾರುವವರು ಮತ್ತು ನಿರ್ವಹಿಸುವವರು ಬೇರೆ ಬೇರೆಯಾಗಿರುವಂತೆ ನೋಡಿಕೊಳ್ಳುತ್ತೇನೆ, 30 ದಿನಗಳ ನೋಟಿಸ್ ಕೊಟ್ಟು ನಿರ್ವಹಣಾ ಒಪ್ಪಂದದಿಂದ ಬಿಡಿಸಿಕೊಳ್ಳುವ ಹಕ್ಕಿಲ್ಲದೆ ಸಹಿ ಹಾಕುವುದಿಲ್ಲ, ಎರಡನೆಯ ಬಾಡಿಗೆದಾರರನ್ನು ಕಂಡಿರುವ ಹಳೆಯ ಗಿರಾಕಿಗಳ ಜೊತೆ ಮಾತಾಡಿಸಿ ಎಂದು ಕೇಳುತ್ತೇನೆ. ಆರು ತಿಂಗಳ ಕಂತು ಮತ್ತು ಒಂದು ಏರ್ ಕಂಡಿಷನರಿನ ಬೆಲೆಯಷ್ಟು ಹಣವನ್ನು ಪಕ್ಕಕ್ಕಿಡಲಾಗದವರು ಇತ್ತ ಬರದಿರುವುದೇ ಲೇಸು. ಮಾರುವ ಕಾಲಕ್ಕೂ ಈಗಲೇ ಲೆಕ್ಕ ಹಾಕಿರಬೇಕು: ಏಜೆಂಟರ ಕಮಿಷನ್ ಮತ್ತು ವ್ಯವಹಾರ ಮುಗಿಸುವಾಗಿನ (ಕ್ಲೋಸಿಂಗ್) ಖರ್ಚು ಹೋಗಿ, ಅಷ್ಟು ವರ್ಷ ತೋರಿಸಿದ ಅಥವಾ ತೋರಿಸಬಹುದಾಗಿದ್ದ ಸವಕಳಿಯ ಮೇಲೆ ಶೇ. 25ರವರೆಗೆ ಕೇಂದ್ರ ತೆರಿಗೆ ಬೀಳುತ್ತದೆ, ಜಮೆಯಾದ ನಷ್ಟ ಆಗ ಒಂದಿಷ್ಟು ಕೈಹಿಡಿಯುತ್ತದೆ. ಒಂದು ಆಸ್ತಿ ಮಾರಿದ ಹಣದಲ್ಲಿ ಇನ್ನೊಂದನ್ನು ಕೊಳ್ಳುವ ‘1031 ವಿನಿಮಯ’ದ ಮೂಲಕ ಆ ತೆರಿಗೆಯನ್ನು ಮುಂದೂಡಬೇಕೆಂದರೆ ಮಾರಿದ 45 ದಿನಗಳೊಳಗೆ ಬೇರೆ ಆಸ್ತಿಯನ್ನು ಲಿಖಿತವಾಗಿ ಗುರುತಿಸಿ 180 ದಿನಗಳೊಳಗೆ ಕೊಂಡು ಮುಗಿಸಬೇಕು, ಮತ್ತು ಆ ಅವಸರದಲ್ಲಿರುವವರ ಬಳಿಗೆ ಟರ್ನ್‌ಕೀ ಕಂಪನಿಗಳ ಮಾರಾಟ ವಿಭಾಗ ಮತ್ತೆ ಬಹಳ ಬೇಗ ಬರುತ್ತದೆ.